ಎಡತೋಳಿನ ಹೊಲಿಗೆ

೪ ಮಾರ್ಚ್

ಪ್ರೀತಿಯ ಚೋಟು,

ಮೊದಲು ಹೊಲಿಗೆ ಮಿಷನ್ನಿನ ಮುಂದಿನಿಂದ ಎದ್ದು ಆರಾಮವಾಗಿ ಕೂತುಕೋ, ಆಮೇಲೆ ಓದು. ನಿನ್ನೆ ಮಧ್ಯಾಹ್ನ ಪ್ರಯೋಗಾಲಯದಲ್ಲಿ ಕಾಫಿ ಲೋಟ ತೊಳೆಯುತ್ತಿದ್ದೆ, ಫೋನು ಬಂತು. ಆ ಕಡೆಯವರು ನನ್ನ ಹೆಸರನ್ನು ಉದ್ದಕ್ಕೆ ಹೇಳಿ "ನೀವೇ ತಾನೇ?" ಎಂದರು. ಬ್ಯಾಂಕಿನವರೆಂದುಕೊಂಡು "ನನಗೆ ಯಾವ ಕಾರ್ಡೂ ಬೇಡ" ಎಂದುಬಿಟ್ಟೆ. ಅವರು ನಕ್ಕು, ಈ ವರ್ಷದ ಪ್ರಶಸ್ತಿ ನನಗೆ ಬಂದಿದೆ ಎಂದರು.

ಕ್ಯಾನ್ಸರನ್ನು ದೇಹದ ಸ್ವಂತ ರಕ್ಷಣಾ ಶಕ್ತಿಯಿಂದಲೇ ಎದುರಿಸುವ ಸಂಶೋಧನೆಗೆ ಕೊಡುವ ಪ್ರಶಸ್ತಿ ಇದು. ನಮ್ಮ ಕೆಲಸದವರಿಗೆ ಇದಕ್ಕಿಂತ ದೊಡ್ಡದಿಲ್ಲ. ಇಷ್ಟು ವರ್ಷ "ಅಕ್ಕ ಇಲಿ ಸಾಕುತ್ತಾಳೆ" ಎಂದು ಎಲ್ಲರಿಗೂ ಹೇಳಿಕೊಂಡು ಬಂದೆಯಲ್ಲ, ಆ ಇಲಿಗಳಿಗೇ ಬಂದ ಪ್ರಶಸ್ತಿ ಎಂದುಕೋ. ದೇಹದೊಳಗಿನ ಕಾವಲುಗಾರರಾದ ಬಿಳಿ ರಕ್ತಕಣಗಳನ್ನು ಕ್ಯಾನ್ಸರಿನ ಗಡ್ಡೆ, ಮಗುವನ್ನು ತಟ್ಟಿದ ಹಾಗೆ, ತಟ್ಟಿ ಮಲಗಿಸುತ್ತದೆ. ಹಾಗೆ ತಟ್ಟುವ ಕೈ ಯಾವುದು ಎಂದು ಕಂಡುಹಿಡಿದವರಲ್ಲಿ ನಾನೂ ಒಬ್ಬಳು. ಆ ಕೈಯನ್ನು ಹಿಡಿದು ನಿಲ್ಲಿಸುವ ಔಷಧಿಯೇ ಹೋದ ವಾರ ಬಾಟಲಿಯಿಂದ ನಿನ್ನ ನರಕ್ಕೆ ಇಳಿದದ್ದು. ಸ್ಕ್ಯಾನಿನಲ್ಲಿ ಕಂಡ ನಿನ್ನ ಶ್ವಾಸಕೋಶದ ಮೂರು ಚುಕ್ಕೆಗಳಿಗೆ ಇನ್ನು ಉಳಿಗಾಲವಿಲ್ಲ.

ಆಸ್ಪತ್ರೆಯಲ್ಲಿ ಕೊಟ್ಟ ಅಡ್ಡಪರಿಣಾಮಗಳ ಪುಸ್ತಿಕೆಯನ್ನು ಓದಲು ಹೋಗಬೇಡ. ಓದಿದರೆ ಅದರಲ್ಲಿರುವುದೆಲ್ಲ ನಿನಗೇ ಇದೆ ಅನ್ನಿಸುತ್ತದೆ. ಸುಸ್ತಾದರೆ ಕಾವಲುಗಾರರು ಎದ್ದಿದ್ದಾರೆ ಎಂದುಕೊಂಡು ಮಲಗು.

ಸಮಾರಂಭ ಮೇ ಐದಕ್ಕೆ. ನಿನಗೆ ಸಮುದ್ರ ದಾಟಿ ಅಷ್ಟು ದೂರ ಬರಲಾಗುವುದಿಲ್ಲ, ಗೊತ್ತು. ಆದರೆ ನೀನು ಹೊಲಿದದ್ದನ್ನು ಹಾಕಿಕೊಂಡು ವೇದಿಕೆ ಹತ್ತಬೇಕೆಂದು ನನಗೆ ಆಸೆ. ಒಂದು ಕಪ್ಪು ಕೋಟು. ಕೈಲಾಗುತ್ತದೆಯೇ?

ನಿನ್ನ
ಅಕ್ಕ


೧೬ ಮಾರ್ಚ್

ಅಕ್ಕಾ,

ಕೈಲಾಗುತ್ತದೆಯೇ ಎಂದು ಕೇಳುತ್ತೀಯಲ್ಲ, ನಿನಗೆ ಎಷ್ಟು ಧೈರ್ಯ. ಈ ಬೀದಿಯ ಅರ್ಧ ಜನ ನಾನು ಹೊಲಿದ ಪ್ಯಾಂಟಿನಲ್ಲೇ ಓಡಾಡುತ್ತಿದ್ದಾರೆ.

ನಿನ್ನ ಕಾಗದ ಓದಿ ಅತ್ತೆ. ಆಮೇಲೆ ಇವರಿಗೆ ಓದಿ ಹೇಳಿದೆ, ಇವರೂ ಅತ್ತರು. ಮರುದಿನ ತಾವು ಓಡಿಸುವ ಬಸ್ಸಿನಲ್ಲಿ ಪ್ರಯಾಣಿಕರಿಗೆಲ್ಲ ಹೇಳಿದರಂತೆ. ಸಿಗ್ನಲ್ಲಿನಲ್ಲಿ ನಿಂತಾಗ ಹಿಂದೆ ತಿರುಗಿ, "ನಮ್ಮ ಮನೆಯವಳ ಅಕ್ಕನಿಗೆ ಪ್ರಶಸ್ತಿ ಬಂದಿದೆ, ಕ್ಯಾನ್ಸರಿಗೆ ಔಷಧಿ ಕಂಡುಹಿಡಿದಿದ್ದಾರೆ" ಅಂದರಂತೆ. ಯಾರೋ ಒಬ್ಬರು "ಮೊದ್ಲು ಗಾಡಿ ಬಿಡಿ ಸ್ವಾಮಿ, ಹಸಿರು ಬಿತ್ತು" ಅಂದರಂತೆ.

ಡ್ರಿಪ್ ಹಾಕುವ ಕೋಣೆ ಚೆನ್ನಾಗಿದೆ. ಗೋಡೆ ತಿಳಿ ನೀಲಿ, ಕುರ್ಚಿಗಳು ಸಲೂನಿನ ಕುರ್ಚಿಯ ಹಾಗೆ ಹಿಂದಕ್ಕೆ ಬಾಗುತ್ತವೆ. ಪಕ್ಕದ ಕುರ್ಚಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಕೂರುತ್ತಾರೆ, ಅವರಿಗೂ ಇದೇ ಔಷಧಿ. ಈ ಔಷಧಿ ನಮ್ಮಕ್ಕಂದು ಅಂದೆ. ಅವರು ಒಮ್ಮೆ ಬಾಟಲಿ ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಪಾಪ ಇವಳಿಗೆ ತಲೆಗೂ ಏರಿದೆ ಅಂದುಕೊಂಡಿರಬೇಕು.

ನನ್ನ ಆರೋಗ್ಯ ಕೇಳಬೇಡ. ಅಮ್ಮನ ಕಾನೂನು ನೆನಪಿದೆ ತಾನೇ? ಅಪ್ಪ ಹಡಗಿನಲ್ಲಿದ್ದಾಗ ನಾವು ಕಾಗದ ಬರೆಯಲು ಕೂತರೆ ಅಮ್ಮ ಹಿಂದೆ ನಿಂತು ಕಾಯುತ್ತಿದ್ದಳು. "ಕಾಗದದಲ್ಲಿ ಕಾಯಿಲೆ ಬರೀಬೇಡಿ. ಅದು ಹೋಗಿ ಸೇರೋ ಹೊತ್ತಿಗೆ ಇಲ್ಲಿ ವಾಸಿಯಾಗಿರುತ್ತೆ, ಅಲ್ಲಿ ಶುರುವಾಗುತ್ತೆ." ನಿನಗೆ ಕಾಮಾಲೆಯಾದಾಗಲೂ ಅಪ್ಪನಿಗೆ "ಅಕ್ಕ ಹಳದಿ ಲಂಗದಲ್ಲಿ ಚೆನ್ನಾಗಿ ಕಾಣುತ್ತಾಳೆ" ಎಂದು ಬರೆದವಳು ನಾನು. ಆದ್ದರಿಂದ ಇಲ್ಲಿ ಎಲ್ಲವೂ ಚೆನ್ನಾಗಿದೆ.

ಅಳತೆ ಕಳಿಸು. ನಿನ್ನ ಎಡಭುಜ ಬಲಕ್ಕಿಂತ ಇಳಿದಿರುತ್ತದೆ, ಸ್ಕೂಲು ಚೀಲ ಹೊತ್ತು ಹೊತ್ತು ಹಾಗಾದದ್ದು. ಅದನ್ನು ಬೇರೆಯಾಗಿ ಅಳೆಸು.

ನಿನ್ನ
ಚೋಟು


೨೭ ಮಾರ್ಚ್

ಪ್ರೀತಿಯ ಚೋಟು,

ಅಳತೆ ಇದರ ಹಿಂದೆ ಬರೆದಿದ್ದೇನೆ. ನನ್ನ ವಿದ್ಯಾರ್ಥಿನಿಯೊಬ್ಬಳು ಅಳೆದಳು. ಎಡಭುಜ ನಿಜವಾಗಿಯೂ ಇಳಿದಿದೆ ಎಂದು ಕಂಡು ಅವಳಿಗೆ ಆಶ್ಚರ್ಯ. ನಮ್ಮ ತಂಗಿ ಟೇಪಿಲ್ಲದೆ ಅಳೆಯುತ್ತಾಳೆ ಎಂದೆ.

ಇಲ್ಲಿ ಒಂದೇ ಗದ್ದಲ. ಪತ್ರಿಕೆಯವರು ಬರುತ್ತಾರೆ, ನಾನು ಎಂದೂ ಮುಟ್ಟದ ಸೂಕ್ಷ್ಮದರ್ಶಕದ ಪಕ್ಕ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಪ್ರಶಸ್ತಿಯವರು ಭಾಷಣ ಕೇಳಿದ್ದಾರೆ. ಕಣಗಳ ಚಿತ್ರವೇ ತುಂಬಿದ್ದರೆ ಜನ ಆಕಳಿಸುತ್ತಾರೆ, ಯಾರಾದರೂ ಒಬ್ಬ ರೋಗಿಯ ಮುಖ ತೋರಿಸಿ ಎಂದರು. ನಾನು ರೋಗಿಗಳನ್ನು ನೋಡುವ ಡಾಕ್ಟರಲ್ಲ, ನನಗೆ ಗೊತ್ತಿರುವ ಮುಖ ಒಂದೇ. ಸಂಶೋಧಕಿಯ ಸ್ವಂತ ತಂಗಿಯೇ ಆ ಔಷಧಿಯಲ್ಲಿ ಗುಣವಾಗುತ್ತಿದ್ದಾಳೆ ಎಂದು ಹೇಳಿದಾಗ ಅವರ ಕಣ್ಣು ಅರಳಿತು. ನಾನೇ ಬಾಯಿ ತಪ್ಪಿ ಹೇಳಿದೆ, ಬೇಡವೆಂದರೆ ಬಿಟ್ಟುಬಿಡುತ್ತೇನೆ. ಒಪ್ಪುವುದಾದರೆ ಒಂದು ಹೊಸ ಫೋಟೋ ಕಳಿಸು, ನಗುತ್ತಿರುವುದು.

ನಿನ್ನ
ಅಕ್ಕ


೭ ಏಪ್ರಿಲ್

ಅಕ್ಕಾ,

ನನ್ನ ಮುಖವನ್ನು ದೊಡ್ಡ ದೊಡ್ಡ ವಿಜ್ಞಾನಿಗಳು ನೋಡುವುದಾದರೆ ನಾನ್ಯಾಕೆ ಬೇಡ ಅನ್ನಲಿ? ಫೋಟೋ ಇಟ್ಟಿದ್ದೇನೆ. ಇವರು ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿ ತೆಗೆದದ್ದು. ಒಂದು ಕಣ್ಣು ಸೋಮಾರಿಯಾಗಿದೆ, ರೆಪ್ಪೆ ಎತ್ತು ಎಂದರೆ ಎತ್ತುವುದಿಲ್ಲ. ವಯಸ್ಸಾಯಿತು ಬಿಡು. ಸೂಜಿಗೆ ದಾರ ಪೋಣಿಸಲು ಹೋದರೆ ಎರಡು ಸೂಜಿ ಕಾಣುತ್ತವೆ, ಯಾವುದಕ್ಕೆ ಪೋಣಿಸಲಿ ಎಂದು ಅವುಗಳನ್ನೇ ಕೇಳುತ್ತೇನೆ. ಹೊಸ ಕನ್ನಡಕ ಮಾಡಿಸಬೇಕು.

ಎರಡನೇ ಬಾಟಲಿಯೂ ಆಯಿತು. ಮೇಷ್ಟ್ರ ಕುರ್ಚಿ ಖಾಲಿ ಇತ್ತು. ನರ್ಸನ್ನು ಕೇಳಿದೆ. ಮೇಷ್ಟ್ರು ಯಾವಾಗಲೋ ಡಾಕ್ಟರಮ್ಮನ ಮುಂದೆ ಕೆಮ್ಮು, ಏದುಸಿರು ಎಂದೆಲ್ಲ ಹೇಳಿಕೊಂಡರಂತೆ, ಔಷಧಿಯನ್ನೇ ನಿಲ್ಲಿಸಿಬಿಟ್ಟರಂತೆ. ಇನ್ನು ಕೊಡುವುದಿಲ್ಲವಂತೆ. ಪಾಪ, ಬಾಯಿ ಮುಚ್ಚಿಕೊಂಡಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಡಾಕ್ಟರಮ್ಮ ನನ್ನನ್ನೂ ಕೇಳಿದರು, "ಏನಾದ್ರೂ ತೊಂದ್ರೆ ಇದೆಯಾ?" ಅಂತ. "ಏನೂ ಇಲ್ಲ ಡಾಕ್ಟ್ರೇ, ಸ್ವಲ್ಪ ಸುಸ್ತು" ಅಂದೆ. ಸುಸ್ತಾದರೆ ಒಳ್ಳೆಯದೇ ಎಂದು ನೀನೇ ಬರೆದಿದ್ದೀಯಲ್ಲ.

ಇನ್ನು ಸ್ವಲ್ಪ ದಿನ ಭಾನುವಾರದ ಫೋನು ಮಾಡಬೇಡ, ಗಂಟಲು ಕಟ್ಟಿದೆ, ನನ್ನ ದನಿ ನನಗೇ ಮೂಗಿನಿಂದ ಬಂದ ಹಾಗೆ ಕೇಳುತ್ತದೆ. ಕೋಟಿನ ಬಟ್ಟೆ ಕತ್ತರಿಸಿದ್ದೇನೆ. ಒಳ್ಳೆಯ ಉಣ್ಣೆ, ಕೈಗೆ ಭಾರವಾಗಿ ಕೂರುತ್ತದೆ.

ಚೋಟು


೧೭ ಏಪ್ರಿಲ್

ಪ್ರೀತಿಯ ಚೋಟು,

ಫೋಟೋ ನೋಡಿ ನಕ್ಕು ನಕ್ಕು ಸಾಕಾಯಿತು. ಗಣಿತದ ಪಾಠದಲ್ಲಿ ಒಂದು ಕಣ್ಣು ಮುಚ್ಚಿ ನಿದ್ದೆ ಮಾಡುತ್ತಿದ್ದೆಯಲ್ಲ, ಥೇಟ್ ಅದೇ ಮುಖ. ಇದನ್ನೇ ಭಾಷಣಕ್ಕೆ ಹಾಕುತ್ತೇನೆ, ಕೊನೆಯ ಚಿತ್ರವಾಗಿ. ಅದಕ್ಕೆ ಮುಂಚೆ ಅಡ್ಡಪರಿಣಾಮಗಳ ಬಗ್ಗೆ ಒಂದು ಚಿತ್ರವಿತ್ತು, ಸಮಯ ಮೀರುತ್ತದೆಂದು ತೆಗೆದುಹಾಕಿದೆ.

ಕೊನೆಯ ಮಾತನ್ನೂ ಬರೆದಿಟ್ಟಿದ್ದೇನೆ. "ಇವಳು ನನ್ನ ತಂಗಿ. ಈ ಸಂಜೆ ಅವಳು ತನ್ನ ಹೊಲಿಗೆಯ ಅಂಗಡಿಯಲ್ಲಿ ಕೂತು ಕೆಲಸ ಮಾಡುತ್ತಿದ್ದಾಳೆ." ಇಷ್ಟೇ. ದಿನಾ ಒಮ್ಮೆ ಗಟ್ಟಿಯಾಗಿ ಓದಿಕೊಳ್ಳುತ್ತೇನೆ. ಎಲ್ಲವೂ ಸರಿಯಾಗಿ ನಡೆಯುತ್ತಿದೆ ಎಂದು ನಿನ್ನ ಕಾಗದದಲ್ಲಿ ಓದಿದರೆ ನನಗೆ ಸಮಾಧಾನ.

ಕೋಟಿಗೆ ಅವಸರ ಮಾಡಬೇಡ, ಆದರೆ ತಡವೂ ಮಾಡಬೇಡ.

ಅಕ್ಕ


೨೫ ಏಪ್ರಿಲ್

ಅಕ್ಕಾ,

ಇದನ್ನು ಇವರ ಕೈಯಲ್ಲಿ ಬರೆಸುತ್ತಿದ್ದೇನೆ. ನನ್ನ ಕೈಗೆ ಕೋಟಿನ ಕೆಲಸವೇ ಸಾಕಾಯಿತು. ಇವತ್ತು ಮುಗಿಯಿತು, ಪಾರ್ಸೆಲ್ ಮಾಡಿದ್ದೇವೆ. ಮಿಷನ್ನನ್ನು ಇವರು ಮಹಡಿಯ ಅಂಗಡಿಯಿಂದ ಕೆಳಗಿನ ಕೋಣೆಗೆ ತಂದಿಟ್ಟರು, ಮೆಟ್ಟಿಲು ಹತ್ತಿ ಇಳಿಯುವ ರಗಳೆ ತಪ್ಪಿತು. ಒಳಗಿನ ಹೊಲಿಗೆಯನ್ನೆಲ್ಲ ಕೈಯಲ್ಲೇ ಹಾಕಿದ್ದೇನೆ. ಕೋಟಿನೊಳಗಿನ ಅಸ್ತರು ಎತ್ತಿ ನೋಡಬೇಡ.

ಮೂರನೇ ಬಾಟಲಿ ನಿನ್ನ ಸಮಾರಂಭದ ದಿನವೇ ಬಂದಿದೆ. ನೀನು ಅಲ್ಲಿ ವೇದಿಕೆಯ ಮೇಲೆ, ನಾನು ಇಲ್ಲಿ ಕುರ್ಚಿಯ ಮೇಲೆ. ಇಬ್ಬರಿಗೂ ಒಂದೇ ದಿನ ಮರ್ಯಾದೆ.

ಚೋಟು

(ಅಕ್ಕ ಅವರಿಗೆ ನಮಸ್ಕಾರ. ಇವಳು ಹೇಳಿದಷ್ಟೇ ಬರೆದಿದ್ದೇನೆ.)


೮ ಮೇ

ಚೋಟು,

ಐಸಿಯು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನ ಗಂಟಲಲ್ಲಿ ಕೊಳವೆ ಇದೆ, ನನಗೆ ಒಳಗೆ ಬಿಡುವುದು ಸ್ವಲ್ಪ ಹೊತ್ತು ಮಾತ್ರ, ಆಗಲೂ ನೀನು ನಿದ್ದೆಯಲ್ಲಿರುತ್ತೀಯ. ನಮ್ಮಿಬ್ಬರ ಮಧ್ಯೆ ಇಷ್ಟು ವರ್ಷ ಸಮುದ್ರವಿತ್ತು, ಈಗ ಒಂದು ಬಾಗಿಲು. ಎಚ್ಚರವಾದಾಗ ಓದು. ನೀನು ಓದುತ್ತೀಯ ಎಂದು ನಂಬಿಯೇ ಬರೆಯುತ್ತಿದ್ದೇನೆ.

ಏನಾಯಿತೆಂದು ನಿನಗೆ ಯಾರೂ ಸರಿಯಾಗಿ ಹೇಳಿರಲಾರರು. ಐದನೇ ತಾರೀಖು ಬೆಳಿಗ್ಗೆ ಸಭಾಂಗಣದಲ್ಲಿ ಚಿತ್ರಗಳನ್ನು ಪರೀಕ್ಷೆ ಮಾಡುವುದಿತ್ತು. ಸಾವಿರ ಖಾಲಿ ಕುರ್ಚಿಗಳು. ನಾನು ನಿನ್ನ ಕೋಟು ಹಾಕಿಕೊಂಡಿದ್ದೆ. ಭುಜ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ನನ್ನ ಎಡಭುಜ ಇಳಿದಿದೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಮೈಕಿನ ತಂತಿಯನ್ನು ತೋಳಿನೊಳಗಿಂದ ತರಬೇಕೆಂದು ಎಡತೋಳಿನ ಅಸ್ತರನ್ನು ಹೊರಗೆ ಮಗುಚಿದೆ.

ಹೊಲಿಗೆ ಸೊಟ್ಟವಿತ್ತು. ಸೊಟ್ಟವೆಂದರೆ ಎಲ್ಲೋ ಒಂದು ಕಡೆ ಜಾರಿದ್ದಲ್ಲ. ಒಂದು ಸಾಲು ಹೊಲಿಗೆ, ಅದರ ಪಕ್ಕದಲ್ಲಿ ಇನ್ನೊಂದು ಸಾಲು, ಬಟ್ಟೆಯ ಅಂಚೇ ಇಲ್ಲದ ಜಾಗದಲ್ಲಿ. ಅಂಚು ಅಲ್ಲಿದೆ ಎಂದು ನಿನ್ನ ಕಣ್ಣು ನಿನಗೆ ಹೇಳಿತ್ತು. ಹತ್ತು ವರ್ಷದವಳಿದ್ದಾಗಲೇ ಗೊಂಬೆಯ ಅಂಗಿಯ ಹೊಲಿಗೆ ಸರಿಯಿಲ್ಲವೆಂದು ಅತ್ತು ಬಿಚ್ಚಿದ್ದವಳು ನೀನು. ಅಸ್ತರು ಎತ್ತಿ ನೋಡಬೇಡ ಎಂದು ಯಾಕೆ ಬರೆದೆ ಎಂದು ಯೋಚಿಸುತ್ತ ತಲೆಯೆತ್ತಿದೆ. ತೆರೆಯ ಮೇಲೆ ನಿನ್ನ ಫೋಟೋ ಬಂದಿತ್ತು, ಗೋಡೆಯಷ್ಟು ದೊಡ್ಡದಾಗಿ. ಎಡರೆಪ್ಪೆ ಅರ್ಧ ಕಣ್ಣಿನ ಮೇಲೆ ಬಿದ್ದಿತ್ತು.

ನಿನ್ನ ಕಾಗದಗಳನ್ನೆಲ್ಲ ಮನಸ್ಸಿನಲ್ಲೇ ಮತ್ತೆ ಓದಿದೆ. ಇಳಿದ ರೆಪ್ಪೆ, ಒಂದು ಎರಡಾಗಿ ಕಾಣುವುದು, ಮೂಗಿನ ದನಿ, ಕೆಳಗೆ ಬಂದ ಮಿಷನ್ನು. ಒಂದೊಂದನ್ನೂ ನೀನು ನಗುನಗುತ್ತ ಬರೆದಿದ್ದೆ, ನಾನು ನಗುನಗುತ್ತ ಓದಿದ್ದೆ. ಎಚ್ಚೆತ್ತ ಕಾವಲುಗಾರರು ಕೆಲವೊಮ್ಮೆ ಮನೆಯವರನ್ನೇ ಹೊಡೆಯಲು ನಿಲ್ಲುತ್ತಾರೆ. ಮೊದಲು ಕಣ್ಣಿನ ಸ್ನಾಯು, ಗಂಟಲಿನ ಸ್ನಾಯು, ಆಮೇಲೆ ಹೃದಯ. ಅದು ಅಪರೂಪ, ಆದರೆ ನನಗೆ ಗೊತ್ತಿತ್ತು. ನಾನು ತೆಗೆದುಹಾಕಿದ ಚಿತ್ರದಲ್ಲಿ ಅದೇ ಇತ್ತು.

ಅಲ್ಲಿಂದಲೇ ನಿನ್ನ ಡಾಕ್ಟರಮ್ಮನಿಗೆ ಫೋನು ಹಚ್ಚಿದೆ. ನೀನು ಆಗಲೇ ಕುರ್ಚಿಯಲ್ಲಿ ಕೂತಿದ್ದೆಯಂತೆ, ನರ್ಸು ಬಾಟಲಿ ನೇತುಹಾಕುತ್ತಿದ್ದರಂತೆ. "ಹಾಕ್ಬೇಡಿ, ಮೊದ್ಲು ಅವಳ ಹೃದಯ ನೋಡಿ" ಎಂದು ನಾನು ಕಿರುಚಿದ್ದು ಆ ಖಾಲಿ ಸಭಾಂಗಣದಲ್ಲಿ ಮೈಕಿನಲ್ಲಿ ಕೇಳಿಸಿತು. ಮಧ್ಯಾಹ್ನದ ಹೊತ್ತಿಗೆ ನಿನ್ನ ಉಸಿರಾಟ ಕಷ್ಟವಾಯಿತು. ಆ ಹೊತ್ತಿಗೆ ನಾನು ವಿಮಾನ ನಿಲ್ದಾಣದಲ್ಲಿದ್ದೆ. ಪದಕವನ್ನು ನನ್ನ ವಿದ್ಯಾರ್ಥಿನಿ ತೆಗೆದುಕೊಂಡಳಂತೆ. ಭಾಷಣ ನಡೆಯಲಿಲ್ಲ.

ಈಗ ಸ್ಟಿರಾಯ್ಡ್ ಕೊಟ್ಟು ಕಾವಲುಗಾರರನ್ನು ಮತ್ತೆ ಮಲಗಿಸುತ್ತಿದ್ದಾರೆ. ಆ ಔಷಧಿಯನ್ನು ನಿನಗೆ ಇನ್ನು ಕೊಡುವಂತಿಲ್ಲ. ಆದರೆ ನಿಲ್ಲಿಸಿದರೆ ಎಲ್ಲ ಮುಗಿಯಿತು ಎಂದು ನೀನು ತಿಳಿದದ್ದು ತಪ್ಪು, ಚೋಟು. ಹೀಗೆ ನಿಲ್ಲಿಸಿದವರಲ್ಲಿ ಎಷ್ಟೋ ಜನರಿಗೆ ಅದರ ಗುಣ ಉಳಿದಿದೆ. ಇದನ್ನು ನಾನು ಮಾರ್ಚ್‌ನಲ್ಲೇ ಎರಡು ಸಾಲಿನಲ್ಲಿ ಬರೆಯಬಹುದಿತ್ತು. ಇನ್ನೊಂದನ್ನೂ ಬರೆಯಬೇಕಿತ್ತು. ಚುಕ್ಕೆಗಳಿಗೆ ಉಳಿಗಾಲವಿಲ್ಲ ಎಂದೆನಲ್ಲ, ಅದು ನನ್ನ ಆಸೆ, ವಿಜ್ಞಾನವಲ್ಲ. ಈ ಔಷಧಿಯಿಂದ ಗಡ್ಡೆ ಕರಗುವುದು ಐದು ಜನರಲ್ಲಿ ಒಬ್ಬರಿಗೋ ಇಬ್ಬರಿಗೋ. ನಿನಗೆ ಹೇಳಲು ಬಾಯಿ ಬರಲಿಲ್ಲ.

ನಿನ್ನವರು ಬೆಂಚಿನ ಆ ತುದಿಯಲ್ಲಿ ಕೂತಿದ್ದಾರೆ. ಡ್ಯೂಟಿಯ ಅಂಗಿ ಬದಲಿಸಿಲ್ಲ. ನನಗೂ ಒಂದು ಲೋಟ ಕಾಫಿ ತಂದುಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಅಕ್ಕ


೨೧ ಮೇ, ವಾರ್ಡಿನಿಂದ

ಅಕ್ಕ,

ಕೊಳವೆ ತೆಗೆದರು, ದನಿ ಇನ್ನೂ ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ನರ್ಸ್ ಕೈಯಲ್ಲಿ ಕೊಡುತ್ತೇನೆ. ಅಕ್ಷರ ಸೊಟ್ಟವಿದ್ದರೆ ಓದಿಕೋ, ಸೊಟ್ಟದ್ದನ್ನು ಓದುವುದು ಈಗ ನಿನಗೆ ಬರುತ್ತದಲ್ಲ.

ನಿನ್ನ ಕಾಗದ ಓದಿದೆ. ಸಿಟ್ಟು ಬಂದಿದೆ, ಅದನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳುವಷ್ಟು ಶಕ್ತಿ ನನಗಿಲ್ಲ. ಒಬ್ಬರಿಗೋ ಇಬ್ಬರಿಗೋ ಎಂದು ಮೊದಲೇ ಹೇಳಿದ್ದರೆ ನಾನು ಔಷಧಿ ಬೇಡ ಅನ್ನುತ್ತಿರಲಿಲ್ಲ. ಆದರೆ ಡಾಕ್ಟರಮ್ಮ ಕೇಳಿದಾಗ ಬಾಯಿ ಬಿಡುತ್ತಿದ್ದೆ. ನನಗೆ ಗುಣವಾಗದಿದ್ದರೆ ಅದು ನಾನು ನಿನಗೆ ಮಾಡುವ ಅವಮಾನ ಎಂದುಕೊಂಡಿದ್ದೆ. ನಿನ್ನ ಭಾಷಣಕ್ಕೆ ಗುಣವಾಗುತ್ತಿರುವ ತಂಗಿ ಬೇಕಾಗಿದ್ದಳು, ಅದಕ್ಕೆ ನಾನು ಗುಣವಾಗುತ್ತಿದ್ದೆ. ಮೆಟ್ಟಿಲ ಮೇಲೆ ಅರ್ಧಕ್ಕೆ ಕೂತುಬಿಟ್ಟಾಗ ಇವರು ಎತ್ತಿಕೊಂಡು ಹೋದರು. ಅಕ್ಕನಿಗೆ ಬರೀಬೇಡಿ ಎಂದು ಇವರಿಂದ ಆಣೆ ಹಾಕಿಸಿಕೊಂಡಿದ್ದೆ. ಇವರ ಮೇಲೆ ಕೋಪ ಬೇಡ.

ಇವತ್ತು ಸಂಜೆ ಬರಬೇಡ. ನಾಳೆ ಬಾ.

ಚೋಟು


೩೦ ಜುಲೈ

ಪ್ರೀತಿಯ ಚೋಟು,

ನಾನು ಇಲ್ಲಿಗೆ ವಾಪಸು ಬಂದು ತಲುಪಿದೆ. ಕೋಟನ್ನು ಕೋಣೆಯ ಬಾಗಿಲ ಹಿಂದೆ ನೇತುಹಾಕಿದ್ದೇನೆ. ಪ್ರಯೋಗಾಲಯಕ್ಕೆ ಹೋಗುತ್ತೇನೆ, ವಿದ್ಯಾರ್ಥಿಗಳು ಮಾಡಿದ ಕೆಲಸ ನೋಡುತ್ತೇನೆ, ಆದರೆ ಅವರು ಸಂತೋಷದಿಂದ ತೋರಿಸುವ ಯಾವುದೂ ನನ್ನನ್ನು ಮುಟ್ಟುತ್ತಿಲ್ಲ. ಇದನ್ನು ಬೇರೆ ಯಾರಿಗೂ ಹೇಳಿಲ್ಲ.

ಪ್ರಶಸ್ತಿಯವರು ಬಿಟ್ಟಿಲ್ಲ. ನಿಂತುಹೋದ ಭಾಷಣವನ್ನು ಅಕ್ಟೋಬರಿನಲ್ಲಿ ಮಾಡಬೇಕಂತೆ. ಆಗುವುದಿಲ್ಲ ಎಂದೆ. ಮತ್ತೆ ಬರೆದಿದ್ದಾರೆ. ನನಗೆ ಅಲ್ಲಿ ನಿಂತು ಏನು ಹೇಳಬೇಕೆಂದೇ ತಿಳಿಯುತ್ತಿಲ್ಲ. ಔಷಧಿ ಒಳ್ಳೆಯದೆಂದರೆ ನಿನ್ನ ಮುಖ ಎದುರಿಗೆ ಬರುತ್ತದೆ. ಕೆಟ್ಟದ್ದೆಂದರೆ ಅದರಿಂದ ಬದುಕಿರುವವರಿಗೆ ಮೋಸ. ಸುಮ್ಮನಿದ್ದುಬಿಡುವುದೇ ಮೇಲು ಎನ್ನಿಸುತ್ತದೆ. ನೀನು ಏನೆನ್ನುತ್ತೀಯ?

ಸ್ಕ್ಯಾನ್ ಆಯಿತೆಂದು ನಿನ್ನವರು ಹೇಳಿದರು, ಏನು ಬಂತೆಂದು ಹೇಳಲಿಲ್ಲ. ಅವಳೇ ಬರೀತಾಳಂತೆ ಎಂದರು. ಕಾಯುತ್ತಿದ್ದೇನೆ.

ಅಕ್ಕ


೧೪ ಆಗಸ್ಟ್

ಅಕ್ಕಾ,

ಈ ಸಲ ಕಾಯಿಲೆ ಮೊದಲು, ಉಳಿದದ್ದು ಆಮೇಲೆ. ಅಮ್ಮ ಹಿಂದೆ ನಿಂತಿದ್ದರೆ ನಿಂತಿರಲಿ.

ಮೂರು ಚುಕ್ಕೆಗಳಲ್ಲಿ ಎರಡು ಕಾಣುತ್ತಿಲ್ಲ. ಒಂದು ಅಲ್ಲೇ ಇದೆ, ಬೆಳೆದಿಲ್ಲ, ಕರಗಿಯೂ ಇಲ್ಲ. ಅದು ನಿದ್ದೆ ಮಾಡುತ್ತಿದೆಯೋ ಸತ್ತಿದೆಯೋ ಈಗಲೇ ಹೇಳಲಾಗದು ಎಂದರು ಡಾಕ್ಟರಮ್ಮ. ಹೃದಯಕ್ಕೆ ಪೆಟ್ಟು ಬಿದ್ದದ್ದು ಪೂರ್ತಿ ಸರಿಹೋಗುವುದಿಲ್ಲವಂತೆ. ಬೀದಿಯ ತುದಿಯವರೆಗೆ ನಡೆಯುತ್ತೇನೆ, ತಿರುಗಿ ಬರುವಾಗ ದಿನಸಿ ಅಂಗಡಿಯ ಕಟ್ಟೆಯ ಮೇಲೆ ಕೂತು ಬರುತ್ತೇನೆ. ಕಾಲು ಬಾತುಕೊಳ್ಳುತ್ತದೆ. ರೆಪ್ಪೆ ಮುಕ್ಕಾಲು ಎದ್ದಿದೆ. ಬೆಳಿಗ್ಗೆ ಸೂಜಿ ಒಂದೇ ಕಾಣುತ್ತದೆ, ಸಂಜೆಗೆ ಒಮ್ಮೊಮ್ಮೆ ಎರಡು. ಇವನ್ನೆಲ್ಲ ಡಾಕ್ಟರಮ್ಮನಿಗೂ ಹೇಳಿದ್ದೇನೆ. ಈಗ ಅವರು ಸಾಕು ಎಂದರೂ ನಾನು ಬಿಡುವುದಿಲ್ಲ. ನನಗೆ ಭಯವಾಗುತ್ತದೆ, ಅಕ್ಕ. ಇವರು ಡ್ಯೂಟಿಗೆ ಹೋದ ಮೇಲೆ ಮನೆ ಖಾಲಿಯಾದಾಗ ಬಹಳ ಆಗುತ್ತದೆ.

ಕಾಯಿಲೆ ಮುಗಿಯಿತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಮೇಷ್ಟ್ರು ಸಿಕ್ಕಿದ್ದರು. ಸ್ವಲ್ಪ ಕೆಮ್ಮುತ್ತಾರೆ, ದಪ್ಪಗಾಗಿದ್ದಾರೆ. ಔಷಧಿ ನಿಲ್ಲಿಸಿದ ಮೇಲೂ ಅವರ ಗಡ್ಡೆ ಸಣ್ಣದಾಗುತ್ತಲೇ ಇದೆಯಂತೆ. ಬಾಯಿ ಬಿಟ್ಟವರು ಅವರು, ಮುಚ್ಚಿಕೊಂಡವಳು ನಾನು. ನನ್ನ ಕುರ್ಚಿಯಲ್ಲಿ ಈಗ ಒಬ್ಬ ಹುಡುಗಿ ಕೂರುತ್ತಾಳೆ, ನಮ್ಮ ಅರ್ಧ ವಯಸ್ಸೂ ಇಲ್ಲ. ಹೇಗಿದ್ದೀಯ ಎಂದು ನರ್ಸ್ ಕೇಳಿದರೆ "ಆರಾಮಾಗಿದೀನಿ" ಎಂದು ನಗುತ್ತಾಳೆ. ಆ ನಗು ನನಗೆ ಚೆನ್ನಾಗಿ ಗೊತ್ತು. ಪಕ್ಕದಲ್ಲಿ ಕೂತು ನನ್ನ ಕಣ್ಣು ತೋರಿಸಿದೆ, ಆದದ್ದನ್ನೆಲ್ಲ ಹೇಳಿದೆ. ಅವಳು ಬಗ್ಗಿ ನನ್ನ ರೆಪ್ಪೆ ನೋಡಿದಳು. ಆಮೇಲೆ ನರ್ಸನ್ನು ತಾನೇ ಕರೆದು, ಮೂರು ದಿನದಿಂದ ಹೊಟ್ಟೆ ಕೆಟ್ಟಿದೆ ಎಂದಳು.

ಅದಕ್ಕೇ ಹೇಳುತ್ತಿದ್ದೇನೆ, ನೀನು ಹೋಗಿ ಭಾಷಣ ಮಾಡು. ನಾನು ಒಂದು ಕುರ್ಚಿಯ ಪಕ್ಕ ಕೂರಬಲ್ಲೆ, ಅಷ್ಟೇ. ನಿನ್ನ ಮುಂದೆ ಸಾವಿರ ಕುರ್ಚಿ ಇದೆ ಎಂದೆಯಲ್ಲ. ಅಲ್ಲಿ ಕೂರುವವರೆಲ್ಲ ಇಂಥ ಹುಡುಗಿಯರಿಗೆ ಔಷಧಿ ಕೊಡುವವರು. ಔಷಧಿ ಒಳ್ಳೆಯದೆಂದೂ ಹೇಳು, ನನ್ನ ಎರಡು ಚುಕ್ಕೆ ತಿಂದದ್ದು ಅದೇ. ಆಮೇಲೆ ಅದೇ ಫೋಟೋ ಹಾಕು, ಗೋಡೆಯಷ್ಟು ದೊಡ್ಡದಾಗಿ. ಈ ಸಲ ಕಣ್ಣಿನ ಬಗ್ಗೆ ಹೇಳು. ಇವಳು ನನ್ನ ತಂಗಿ, ಚೆನ್ನಾಗಿದ್ದೇನೆ ಎಂದು ಸುಳ್ಳು ಹೇಳಿದಳು, ನಾನು ನಂಬಿದೆ ಎಂದು ಹೇಳು. ನನಗೆ ಅವಮಾನವಾಗುವುದಿಲ್ಲ.

ಅದೇ ಕೋಟು ಹಾಕಿಕೋ. ಎಡತೋಳನ್ನು ಬಿಚ್ಚಿ ಹೊಲಿಸಬೇಡ. ಬೇರೆಯವರ ಹೊಲಿಗೆ ಅದರಲ್ಲಿ ಸೇರುವುದು ನನಗೆ ಇಷ್ಟವಿಲ್ಲ.

ಭಾಷಣ ಮುಗಿದ ಮೇಲೆ ಬರೆ. ಚೆನ್ನಾಗಿ ಆಗದಿದ್ದರೆ ಹಾಗೇ ಬರೆ.

ನಿನ್ನ
ಚೋಟು